ಐದು ನಿಮಿಷಕ್ಕೊಂದು ಚಿತ್ರ

…“ಐದು ನಿಮಿಷದ ಸಂದೀಲಿ ಯಾರು ಬೇಕಾದ್ರೂ ಅವಿತ್ಕೋಬಹುದು ಕಣಯ್ಯ” ಎಂದೋ ಏನೋ ನೀವು ಅಂದಿದ್ದಿರಿ, ರೌಶಾನ್ ಅಪಾಯ್, ಅಕ್ಕನಂಥ ನನ್ನ ಗುರುವೇ. ಸಾಯಲು ಹೊರಟ ಜೀವಕೋಶದಲ್ಲಿ ಮೈಟೋಕಾಂಡ್ರಿಯಾಗಳೆಲ್ಲ ಒಟ್ಟಿಗೇ ಒಡೆಯುತ್ತವೆ ಎಂಬುದು ನನ್ನ ವಾದವಾಗಿತ್ತು. ಒಂದು ಮೊದಲು ಒಡೆಯುತ್ತದೆ, ಉಳಿದವು ಅದರ ಸುಳಿವು ಹಿಡಿದು ಹಿಂಬಾಲಿಸುತ್ತವೆ ಎಂದು ನೀವು ಹೇಳುತ್ತಿದ್ದಿರಿ. ಆಗ ನಿಮ್ಮ ಪ್ರಯೋಗಾಲಯದಲ್ಲಿ ನಾವು ಐದು ನಿಮಿಷಕ್ಕೊಂದು ಚಿತ್ರ ತೆಗೆಯುತ್ತಿದ್ದೆವು.

ಇಂದು ನನ್ನ ವಿದ್ಯಾರ್ಥಿನಿ ತೋಗ್ಜಾನ್ ಎರಡು ಸೆಕೆಂಡಿಗೊಂದರಂತೆ ತೆಗೆದ ಚಿತ್ರಗಳನ್ನು ಓಡಿಸಿ ತೋರಿಸಿದಳು. ಕೋಶದ ಅಂಚಿನಲ್ಲಿ ಒಂದೇ ಒಂದು ಮೈಟೋಕಾಂಡ್ರಿಯಾದ ಹಸಿರು ಚುಕ್ಕೆ ಕರಗಿತು. ಆಮೇಲೆ ಅದರ ಪಕ್ಕದ್ದು, ಮತ್ತೆ ಪಕ್ಕದ್ದು. ನಿಮಿಷ ತುಂಬುವುದರೊಳಗೆ ಎಲ್ಲವೂ ಮಂಕಾಗಿತ್ತು.

“ನೋಡಿ ಆಗಾಯ್, ಈ ಪುಣ್ಯಾತ್ಮ ಶುರು ಹಚ್ಕೊಂಡ, ಮಿಕ್ಕೋರು ಕುರಿಗಳ ಥರ ಹಿಂದೆ ಹೋದ್ರು” ಎಂದು ತನ್ನ ಮೇಷ್ಟ್ರಾದ ನನ್ನತ್ತ ತಿರುಗಿ ನಕ್ಕಳು.

ಶುಕ್ರವಾರವಾದ್ದರಿಂದ ಅವಳು ತೀರಿಕೊಂಡವರ ಹೆಸರಿನಲ್ಲಿ ಹಂಚಲು ಶೆಲ್ಪೆಕ್ ರೊಟ್ಟಿ ಕರಿದು ತಂದಿದ್ದಳು. “ನಿಮ್ಮೋರು ಯಾರಾದ್ರೂ ಇದ್ರೆ ಹೆಸ್ರು ಹೇಳಿ, ಸೇರಿಸ್ಕೋತೀನಿ.”

ಯಾರೂ ಇಲ್ಲವೆಂದು ಹೇಳಿ ರೊಟ್ಟಿ ಮುರಿದು ತಿಂದೆ.

ನಿಮ್ಮ ಪ್ರಯೋಗಾಲಯವನ್ನು ಮುಚ್ಚಬೇಕೆಂದು ತೀರ್ಮಾನಿಸಿದ ಸಭೆಯಲ್ಲಿ ನಾವು ಹನ್ನೊಂದು ಮಂದಿ ಸಹೋದ್ಯೋಗಿಗಳು ಒಟ್ಟಿಗೇ ಕೈ ಎತ್ತಿದೆವು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಆ ವಾರವೇ ನೀವು ಅಲ್ಮಾಟಿ ಬಿಟ್ಟಿರಿ. ಮುಂದಿನ ಚಳಿಗಾಲದಲ್ಲಿ ನೀವು ತೀರಿಕೊಂಡ ಸುದ್ದಿ ಬಂತು.

ಸಭೆಯಲ್ಲಿ ನೀವು ನಮ್ಮೆದುರಿಗೇ ಕೂತಿದ್ದಿರಿ, ಕನ್ನಡಕ ತೆಗೆದಿರಲಿಲ್ಲ. ಮೊದಲು ಮೇಲೆದ್ದ ಕೈ ಯಾರದೆಂದು ನಿಮಗೆ ಕಂಡಿತ್ತೇ, ಅಪಾಯ್?