ಲಲಿತೆಯ ಗೇರುಗುಡ್ಡೆ

ಅಪ್ಪಾ,

ಬೆಳಗಿನ ಜಾವದ ಕನಸಿನಲ್ಲಿ ನೀವು ಮತ್ತೆ ನಮ್ಮ ಗೇರುಗುಡ್ಡೆ ಹತ್ತುತ್ತಿದ್ದಿರಿ. ಹೆಗಲಲ್ಲಿ ಬೈರಾಸು, ಕೈಯಲ್ಲಿ ಗೇರು ಕೊಯ್ಯುವ ದೋಟಿ. ಮಂಜಿನಲ್ಲಿ ನಿಮ್ಮ ಕಾಲುಗಳೇ ಕಾಣುತ್ತಿರಲಿಲ್ಲ. ಗುಡ್ಡೆಯೇ ನಿಮ್ಮನ್ನು ಎತ್ತಿಕೊಂಡು ಹೋಗುತ್ತಿದ್ದ ಹಾಗೆ. ತಿರುಗಿ ನೋಡಿ, "ಲಲಿತೆ ಬಂದಳಾ?" ಎಂದಿರಿ. ಉತ್ತರ ಹೇಳುವಷ್ಟರಲ್ಲಿ ಎಚ್ಚರವಾಯಿತು.

ಮುಳ್ಳೇರಿಯದಲ್ಲಿ ಜಾಗದ ಆಧಾರಪತ್ರ ಬರೆಯುವ ಕುಂಞಿರಾಮಣ್ಣನ ಬಳಿ ನಾವಿಬ್ಬರೂ ಹೋದದ್ದು ನೆನಪಿದೆಯೇ? ನರ್ಸ್ ಆಗಿ ನ್ಯೂಜಿಲೆಂಡಿಗೆ ಹೋದ ತಂಗಿ ಲಲಿತೆ ಆಗಷ್ಟೇ ಅಲ್ಲಿಯ ಪ್ರಜೆಯಾಗಿದ್ದಳು. ಚಿಕ್ಕವಳಿರುವಾಗ ಬಂಡೆಯ ಮೇಲೆ ನಿಂತು "ಇದೆಲ್ಲ ನನ್ನದು!" ಎಂದು ಕೂಗುತ್ತಿದ್ದವಳು. "ಹೌದು, ನಿನ್ನದೇ" ಎಂದು ನೀವು ಕೊಟ್ಟಿದ್ದ ಮಾತನ್ನು ದಾನಪತ್ರ ಮಾಡಿಸಬೇಕಿತ್ತು.

"ಆಗ್ಲಿಕ್ಕಿಲ್ಲ ಅಣ್ಣಾ. ಅವಳೀಗ ಬೇರೆ ದೇಶದ ಪ್ರಜೆ ಅಲ್ವಾ? ಮನೆಯೋ ಫ್ಲ್ಯಾಟೋ ಆದ್ರೆ ಅಡ್ಡಿ ಇಲ್ಲ. ತೋಟದ ಜಾಗ ಕ್ರಯಕ್ಕೂ ಇಲ್ಲ, ದಾನಕ್ಕೂ ಇಲ್ಲ" ಎಂದರು ಅವರು.

"ನನ್ನ ಮಗಳಲ್ವಾ ಮಾರಾಯ?"

"ಮಗಳು ಹೌದು. ವೀಲುನಾಮೆ ಬರೆದಿಡಿ. ನಿಮ್ಮ ಕಾಲಾನಂತರ ಆದ್ರೆ ಅವಳಿಗೆ ಬರ್ತದೆ."

"ಹಾಗಾದ್ರೆ ನಾನು ಸ್ವಲ್ಪ ಬೇಗ ಹೊರಡ್ಬೇಕು ಅಂತ ಹೇಳಿ!"

ಇಬ್ಬರೂ ನಕ್ಕಿರಿ. ಬರುವಾಗ ಬಸ್ಸಿನಲ್ಲಿ ಮಾತ್ರ ನೀವು ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ.

ಆ ವರ್ಷ ರಜೆ ಮುಗಿಸಿ ಹೊರಟವಳ ಕೈಗೆ ಗುಡ್ಡೆಯ ಒಂದು ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಿರಿ. "ಅಯ್ಯೋ ಅಪ್ಪಾ, ಆ ದೇಶಕ್ಕೆ ಮಣ್ಣು ಕೊಂಡೋಗ್ಲಿಕ್ಕೆ ಬಿಡುದಿಲ್ಲ. ಚಪ್ಪಲಿಯ ಅಡಿಯನ್ನು ಸಹ ನೋಡ್ತಾರೆ" ಎಂದು ಅವಳು ನಗುತ್ತಲೇ ಅತ್ತಳು. "ಎಂತ ದೇಶವಾ ಅದು! ಹಾಗಾದ್ರೆ ಚಪ್ಪಲಿ ಇಲ್ಲೇ ಇರ್ಲಿ" ಎಂದಿರಿ. ಗುಡ್ಡೆಯ ಕೆಂಪು ಮಣ್ಣು ಮೆತ್ತಿದ ಅವಳ ಆ ಜೋಡಿಯನ್ನು ತೊಳೆಯಲು ನೀವು ಯಾರಿಗೂ ಬಿಡಲಿಲ್ಲ. ಅದು ಈಗಲೂ ಜಗಲಿಯ ಮೂಲೆಯಲ್ಲಿ ಉಂಟು.

ನಿಮ್ಮ ವರ್ಷಾಂತಿಕದ ದಿನ ಫೋನಿನಲ್ಲಿ, ನೀವು ಬರೆದಿಟ್ಟ ವೀಲುನಾಮೆಯ ಮಾತೆತ್ತಿದಾಗ ಅವಳು, "ನಂಗೆ ಬೇಡ ಅಕ್ಕಾ. ಅಪ್ಪ ಹೋದದ್ರಿಂದ ಸಿಕ್ಕುವ ಜಾಗ ನಂಗೆ ಎಂತಕೆ?" ಎಂದಳು. ಅವಳು ಹೇಳಿದ್ದು ಸುಳ್ಳೇ? ಅಂದಿನಿಂದ ಗುಡ್ಡೆಯನ್ನು ಅವಳ ಹೆಸರಿಗೆ ಮಾಡುವ ಕಾಗದಗಳು ಸಹಿಯಿಲ್ಲದೆ ಬಿದ್ದಿದ್ದವು. ಗೇರು ಎರಡು ಸಲ ತಾನಾಗಿ ಬಿದ್ದು ತಾನಾಗಿ ಮೊಳೆಯಿತು.

ಕಳೆದ ತಿಂಗಳು ಇಂಥದೇ ಕನಸು ಬಿದ್ದಾಗ ಅವಳಿಗೆ ಹೇಳಿದೆ, ನೀವು ಗುಡ್ಡೆಯಲ್ಲಿ ನಿಂತು "ಲಲಿತೆ ಬಂದಳಾ?" ಎನ್ನುತ್ತೀರಿ ಎಂದು. ಅವಳು ಮೆಲ್ಲಗೆ, "ಗೇರು ಹೂ ಬಿಟ್ಟಿದಾ ಅಕ್ಕಾ?"

ಅಷ್ಟೇ ಕೇಳಿದಳು. ಮರುವಾರ ಸಹಿ ಮಾಡಿದ ಕಾಗದ ಬಂತು. ಇವತ್ತು ವಿಲೇಜ್ ಆಫೀಸಿನಲ್ಲಿ ಗುಡ್ಡೆಯ ಕಂದಾಯ-ತೀರ್ವೆಯನ್ನು ಮೊದಲ ಸಲ ಅವಳ ಹೆಸರಿನಲ್ಲಿ ಕಟ್ಟಿ ಬಂದೆ. ಗೇರು ಹಣ್ಣಾಗುವ ಹೊತ್ತಿಗೆ ಅವಳು ಬರುತ್ತಾಳೆ. ಚಪ್ಪಲಿಯನ್ನು ಮಣ್ಣು ಉದುರದ ಹಾಗೆ ಎತ್ತಿ ಬಿಸಿಲಿಗಿಟ್ಟಿದ್ದೇನೆ.

ಇನ್ನೊಮ್ಮೆ ಕನಸಿಗೆ ಬಂದರೆ ಸ್ವಲ್ಪ ನಿಧಾನ ಹತ್ತಿ ಅಪ್ಪಾ. ಹಿಂದಿನಿಂದ ಅವಳೂ ಬರುತ್ತಿರುತ್ತಾಳೆ.

ನಿಮ್ಮ ದೊಡ್ಡ ಮಗಳು