ಅಮಾವಾಸ್ಯೆಯ ಮರುದಿನ

೧೫ ಜುಲೈ ೧೯೬೯, ಮಂಗಳವಾರ. ದೊಡ್ಡಬಳ್ಳಾಪುರ.

ಬೆಳಿಗ್ಗೆ ಅಷ್ಟೊಂದು ಹಿಗ್ಗಬಾರದಿತ್ತು.

ನೇಕಾರರ ಬೀದಿಯ ಬನಶಂಕರಿ ಅಮಾವಾಸ್ಯೆಗೆ ಮಾತ್ರ ಸ್ಕೂಲಿಗೆ ಬರುವ ಹುಡುಗಿ. ಅವತ್ತೊಂದು ದಿನ ಮಗ್ಗಕ್ಕೆ ರಜೆ. ಉಳಿದ ದಿನವೆಲ್ಲ ರಾಟೆಯ ಮುಂದೆ ಕೂತು ಅಪ್ಪನ ಲಾಳಿಗೆ ನೂಲಿನ ಕಂಡಿಕೆ ಸುತ್ತಬೇಕು. ನಿನ್ನೆ ಅಮಾವಾಸ್ಯೆ, ಬಂದಿದ್ದಳು. ಸಂಜೆ ಗಂಟೆ ಹೊಡೆದ ಮೇಲೆ ಅವಳ ಜೊತೆಯಲ್ಲೇ ಮನೆಗೆ ಹೋದೆ. ಇವಳನ್ನು ದಿನಾ ಕಳಿಸಿ ಎಂದು ಅವಳಪ್ಪ ರಾಮಲಿಂಗಪ್ಪನನ್ನು ಕೇಳಿಕೊಂಡೆ. ಕೊನೆಗೆ ಅವಳಮ್ಮನೇ, "ಆಯ್ತು ಬಿಡಿ ಮೇಷ್ಟ್ರೇ, ಮನೆ ತಂಕ ಬಂದು ಕೇಳ್ತಿದೀರ. ನಾಳೆಯಿಂದ ದಿನಾ ಕಳಿಸ್ತೀವಿ" ಅಂದರು.

ಮಾತಿಗೆ ತಪ್ಪಲಿಲ್ಲ. ಇವತ್ತು ಪ್ರಾರ್ಥನೆಗೆ ಮೊದಲೇ ಬನಶಂಕರಿ ಬಂದು ನಿಂತಿದ್ದಳು, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಸಿಕೊಂಡು. ಬೀದಿಯಲ್ಲಿ ಮಗ್ಗಗಳ ಸದ್ದು ಶುರುವಾಗಿತ್ತು, ಆದರೂ ಅವಳು ಇಲ್ಲಿದ್ದಳು! ಹೆಡ್‌ಮಾಸ್ಟರಿಗೂ ಹೇಳಿಕೊಂಡು ಬಂದೆ, ಮಂಕನ ಹಾಗೆ.

ಮಧ್ಯಾಹ್ನ ಒಂದನೇ ಕ್ಲಾಸಿನ ವರಲಕ್ಷ್ಮಮ್ಮನವರು ಬಂದು, "ನೀಲ ಯಾಕೆ ಬಂದಿಲ್ಲ? ಒಂದು ದಿನವೂ ತಪ್ಪಿಸದ ಮಗು ಅದು" ಎಂದರು. ನೀಲ ಬನಶಂಕರಿಯ ತಂಗಿ.

ಬನಶಂಕರಿಯನ್ನು ಕರೆದು ಕೇಳಿದೆ.

"ಅವ್ಳು ರಾಟೆಗೆ ಕೂತವ್ಳೆ ಸಾ. ಕೈ ಎಟುಕಲ್ಲ ಅಂತ ಮಣೆ ಮೇಲೆ ಮಣೆ ಹಾಕಿ ಕೂರಿಸಿ ಬಂದೆ."

ಅವಳು ಎದೆಗೆ ಒತ್ತಿಕೊಂಡಿದ್ದದ್ದು ನೀಲಳ ಸ್ಲೇಟು.

ದೀಪ ಆರಿಸಲು ಮನಸ್ಸಿಲ್ಲ. ಬೀದಿಯಲ್ಲಿ ಯಾರದೋ ಮಗ್ಗ ಇನ್ನೂ ನಡೆಯುತ್ತಿದೆ. ನಾಳೆ ಮತ್ತೆ ಆ ಮನೆಗೆ ಹೋಗಬೇಕು. ಹೋಗಿ, ಯಾರನ್ನು ಕಳಿಸಿ ಎಂದು ಕೇಳಲಿ?