ಮಾಳಿಂಗಪ್ಪ ಒರಗುತ್ತಿದ್ದ ಗೋಡೆ

ಸಿಂದಗಿ, ೧೨ ಮಾರ್ಚ್ ೧೯೭೪, ಮಂಗಳವಾರ.

ಓಣಿಯ ಸಿಂದಿ, ಅಂದರೆ ಹೆಂಡದ, ಅಂಗಡಿಯನ್ನು ನಿನ್ನೆ ರಸ್ತೆಗಾಗಿ ಕೆಡವಿದರು. ತೀರಿಕೊಂಡ ಮಾಲೀಕ ಮಾಳಿಂಗಪ್ಪನ ಫೋಟೋ ಒಂದೂ ಇಲ್ಲ. ಅವನು ಒರಗುತ್ತಿದ್ದ ಗೋಡೆಯಲ್ಲಿ ತಲೆಯ ಎಣ್ಣೆಯ ಕಲೆ ಉಳಿದಿತ್ತು. ಅದರ ಫೋಟೋವನ್ನಾದರೂ ತೆಗೆಯಿರಿ ಎಂದು ಅವನ ಹೆಂಡತಿ ಸಾತವ್ವ ನನ್ನನ್ನು ಕೇಳಿದ್ದಳು. ನನ್ನ ಮಗಳ ಆಟಿಕೆ ಕ್ಯಾಮೆರಾಕ್ಕೆ ವಿಜಾಪುರದಿಂದ ರೀಲು ಬಂದದ್ದು ಇಂದು.

ಹಳೆಯ ಗಿರಾಕಿಗಳು ಅಂಗಡಿಯಿದ್ದ ಬಯಲಲ್ಲೇ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು, ಮಾಳಿಂಗಪ್ಪನ ಜಾಗ ಬಿಟ್ಟು. ಅಲ್ಲಿ ಸಾತವ್ವ ಸಿಂದಿ ಸುರಿದಳು.

"ಪೇಪರ್ ಸಾಹೇಬ್ರ, ಡಬ್ಬಿ ಖರೇದೋ, ಬರೇ ಟಕ್ ಅಂತೈತೋ?" ಎಂದ ಗಿರಾಕಿಗಳಲ್ಲೊಬ್ಬನಾದ ಬಾಬುಲಾಲ. ಯಾರೂ ನಗಲಿಲ್ಲ.

"ಇಲ್ಲೇ ಕುಂದರತಿದ್ರು. ತಗೀರಿ," ಎಂದಳು ಸಾತವ್ವ.

ಒದ್ದೆ ನೆಲದ ಫೋಟೋ ತೆಗೆದೆ.

"ಅವರ ಎಣ್ಣಿ ಕಲಿ ಬರ್ತೈತಿ ಅಲ್ರಿ?"

"ನೋಡೂಣು," ಎಂದೆ.

ರೀಲು ಮೇಜಿನ ಮೇಲಿದೆ. ತೊಳೆಸಿದರೆ ಬರುವುದು ಬರೀ ನೆಲ. ತೊಳೆಸದಿದ್ದರೆ ಅವಳು ದಿನವೂ ಬಾಗಿಲಿಗೆ ಬಂದು, ಕಲೆ ಬಂತೇ ಎಂದು ಕೇಳುತ್ತಾಳೆ.